ಲೋಹಕ್ಕೆ ನೋವಿಲ್ಲ

ಮಂಡಿ ಬದಲಿಸುವುದೆಂದರೆ ಹಳೆಯದನ್ನು ಇಡಿಯಾಗಿ ಕಿತ್ತು ಹೊಸದೊಂದನ್ನು ಕೂರಿಸುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಅಲ್ಲಿ ತೆಗೆಯುವುದು ತೀರಾ ಸ್ವಲ್ಪ. ತೊಡೆಯ ಮೂಳೆಯ ಕೆಳತುದಿಯಿಂದ ಎಂಟು-ಹತ್ತು ಮಿಲಿಮೀಟರ್, ಕೆಳಗಾಲಿನ ಮೂಳೆಯ ನೆತ್ತಿಯಿಂದ ಹೆಚ್ಚುಕಡಿಮೆ ಅಷ್ಟೇ ದಪ್ಪದ ಒಂದು ಬಿಲ್ಲೆ, ಬೇಕೆನಿಸಿದರೆ ಮಂಡಿಚಿಪ್ಪಿನ ಒಳಮೈಯ ಒಂದು ಪದರ. ಮೇಲಿನ ತುದಿಗೆ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಟೊಪ್ಪಿಗೆ, ಕೆಳಗೆ ಟೈಟಾನಿಯಂ ಅಥವಾ ಅದೇ ಮಿಶ್ರಲೋಹದ ತಟ್ಟೆ, ಎರಡರ ನಡುವೆ ಗಟ್ಟಿ ಪಾಲಿಎಥಿಲೀನಿನ ಮೆತ್ತೆ. ಮೂಳೆಗೂ ಲೋಹಕ್ಕೂ ನಡುವೆ ಹಚ್ಚುವ ಅಕ್ರಿಲಿಕ್ ಸಿಮೆಂಟು ನಿಮಿಷಗಳಲ್ಲಿ ಕಲ್ಲಾಗುತ್ತದೆ. ರೋಗಿ ಅಂದೇ ಸಂಜೆ ಎದ್ದು ಪೂರ್ತಿ ಭಾರ ಹಾಕಿ ನಿಂತರೂ ಈ ಜೋಡಣೆ ಅಲುಗುವುದಿಲ್ಲ. ಎಂಜಿನಿಯರನ ಲೆಕ್ಕದಲ್ಲಿ ಕೆಲಸ ಒಂದೂವರೆ-ಎರಡು ಗಂಟೆಯಲ್ಲಿ ಮುಗಿಯಿತು.

ಆದರೆ ಈ ತುಣುಕುಗಳು ಒಳಗೆ ಹೋಗಲು ದಾರಿ ಬೇಕಲ್ಲ. ಮಂಡಿಯ ಮುಂಭಾಗದಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ಚರ್ಮ ಸೀಳಬೇಕು. ತೊಡೆಯ ಮುಂದಿನ ದೊಡ್ಡ ಸ್ನಾಯುವಿನ ರಜ್ಜುವನ್ನು ಅಂಚಿನಲ್ಲಿ ಕೊಯ್ದು ಮಂಡಿಚಿಪ್ಪನ್ನು ಪಕ್ಕಕ್ಕೆ ಸರಿಸಬೇಕು. ಕೀಲಿನ ಚೀಲವನ್ನು ತೆರೆದು, ದಪ್ಪಗಾದ ಒಳಪೊರೆಯನ್ನು ಹೆರೆದು, ನಡುವಿನ ಅಸ್ಥಿರಜ್ಜುವನ್ನು ಕತ್ತರಿಸಿ, ಮೂಳೆಯ ಮೇಲೆ ಗರಗಸ ಆಡಿಸಬೇಕು. ರಕ್ತ ಹರಿಯದಂತೆ ತೊಡೆಗೆ ಪಟ್ಟಿ ಬಿಗಿದಿದ್ದರೆ ಅದರಡಿಯ ಸ್ನಾಯು, ನರಗಳೂ ಅಷ್ಟು ಹೊತ್ತು ಹಿಂಡಿಸಿಕೊಂಡಿರುತ್ತವೆ. ಸವೆದುಹೋದ ಮೃದ್ವಸ್ಥಿಗೆ ನರಗಳೇ ಇರಲಿಲ್ಲ. ಮೂಳೆಯನ್ನು ಸುತ್ತಿದ ಪೊರೆಗೆ, ಕೀಲಿನ ಚೀಲಕ್ಕೆ, ಮೂಳೆಯ ಒಳಗಿಗೆ ಬೇಕಾದಷ್ಟಿವೆ, ಮತ್ತು ಕತ್ತಿ-ಗರಗಸಗಳು ಹಾಯ್ದುಹೋದದ್ದು ಇವುಗಳ ಮೇಲೆಯೇ. ಹೊಸದಾಗಿ ಬಂದದ್ದಕ್ಕೆ ನೋವಿಲ್ಲ, ಉಳಿದದ್ದೆಲ್ಲಕ್ಕೂ ಇದೆ. ಸೊಂಟದ ಕೀಲು ಬದಲಿಸಿಕೊಂಡವರು ಮೂರು ತಿಂಗಳಿಗೆ ಸರಾಗ ನಡೆದಾಡುತ್ತಿರುವಾಗ ಮಂಡಿಯವರು ಇನ್ನೂ ರಾತ್ರಿ ಎದ್ದು ಕೂರುತ್ತಿರುತ್ತಾರೆ. ಸೊಂಟದ ಕೀಲು ದಪ್ಪ ಮಾಂಸಖಂಡದೊಳಗೆ ಆಳದಲ್ಲಿ ಕೂತಿರುವ ಗುಂಡು-ಬಟ್ಟಲು, ತನ್ನ ಆಕಾರದಿಂದಲೇ ಸ್ಥಿರವಾಗಿರುವಂಥದ್ದು. ಮಂಡಿಯೋ ಚರ್ಮದ ಕೆಳಗೇ ಇದೆ, ರಜ್ಜುಗಳೂ ಸ್ನಾಯುಗಳೂ ಎಳೆದು ಹಿಡಿದಿದ್ದರಿಂದಷ್ಟೇ ನಿಂತಿದೆ.

ಇಷ್ಟನ್ನು ಮಾಡಲು ಮನುಷ್ಯ ಹೊರಟದ್ದು ಬಹಳ ಹಿಂದೆ. 1890ರಲ್ಲಿ ಬರ್ಲಿನ್ನಿನ ಥೆಮಿಸ್ಟೊಕ್ಲೀಸ್ ಗ್ಲುಕ್ ಕ್ಷಯದಿಂದ ಹಾಳಾದ ಮಂಡಿಗಳಿಗೆ ದಂತದ ಕೀಲುಗಳನ್ನು ಅಳವಡಿಸಿದ. ಸೋಂಕು ಅವುಗಳನ್ನು ಉಳಿಯಗೊಡಲಿಲ್ಲ. ಇಂದಿನ ಕೃತಕ ಮಂಡಿಗಳ ಮೂಲಪಿತಾಮಹ ರೂಪುಗೊಂಡದ್ದು ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ, 1974ರಲ್ಲಿ. ಅದರ ಹಿಂದಿದ್ದ ಜಾನ್ ಇನ್ಸಾಲ್, ಪೀಟರ್ ವಾಕರ್ ಜತೆಗಿನ ಮೂರನೆಯ ಹೆಸರು ಭಾರತದಲ್ಲಿ ಹುಟ್ಟಿ ಬೆಳೆದ ಚಿತ್ತರಂಜನ್ ರಾಣಾವತ್ ಅವರದು. 2000ದ ಅಕ್ಟೋಬರಿನಲ್ಲಿ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಎಡಮಂಡಿಯನ್ನೂ 2001ರ ಜೂನ್‌ನಲ್ಲಿ ಬಲಮಂಡಿಯನ್ನೂ ಬದಲಿಸಿದ ತಂಡದ ನೇತೃತ್ವ ಅವರದೇ. ಅಲ್ಲಿಯವರೆಗೆ ನಮ್ಮ ಮನೆಗಳಲ್ಲಿ ಮಂಡಿನೋವು ಎಂದರೆ ವಯಸ್ಸು, ಎಣ್ಣೆ, ಬಿಸಿನೀರು. ಆಮೇಲೆ ‘ಆಪರೇಷನ್ ಮಾಡಿಸಬಹುದಂತೆ’ ಎಂಬ ಮಾತು ಊರೂರಿಗೆ ಬಂತು. ಎರಡು ಕಾಲಿನ ನಡುವೆ ಎಂಟು ತಿಂಗಳ ಅಂತರವಿತ್ತೆಂಬುದು, ದೇಶದ ಅತ್ಯುತ್ತಮ ಆರೈಕೆ ಸಿಕ್ಕವರ ನಡಿಗೆಯೂ ನಿಧಾನವಾಗಿಯೇ ಇತ್ತೆಂಬುದು ಆ ಮಾತಿನ ಜತೆ ಬರಲಿಲ್ಲ.

ಈಗ ಹೆದ್ದಾರಿಯ ಫಲಕಗಳಲ್ಲಿ ನಗುತ್ತಿರುವ ಅಜ್ಜಿ-ತಾತಂದಿರು ‘ಆಪರೇಷನ್ ಆದ ದಿನವೇ ನಡೆಯಿರಿ’ ಎನ್ನುತ್ತಾರೆ. ಅದೇನೂ ಸುಳ್ಳಲ್ಲ. ಅರಿವಳಿಕೆಗೆ ಬೆನ್ನಿಗೆ ಚುಚ್ಚಿದ ಔಷಧ, ತೊಡೆಯ ಒಳಬದಿಯ ನರಕ್ಕೆ ಕೊಟ್ಟ ಮರಗಟ್ಟಿಸುವ ಮದ್ದು, ಶಸ್ತ್ರಚಿಕಿತ್ಸಕರು ಕೀಲಿನ ಸುತ್ತ ಹಾಯಿಸಿದ ಔಷಧಗಳ ಮಿಶ್ರಣ ಎಲ್ಲವೂ ಸೇರಿ ಮೊದಲ ದಿನವನ್ನು ಹಗುರ ಮಾಡುತ್ತವೆ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿದವರ ವಿಡಿಯೋ ಸಂಬಂಧಿಕರ ಮೊಬೈಲುಗಳಿಗೆ ಹೋಗುತ್ತದೆ. ಆಮೇಲೆ ಮದ್ದಿನ ಪ್ರಭಾವ ಇಳಿಯುತ್ತದೆ. ಆಗ ಏಳುವ ನೋವಿಗೆ ‘ನಿನ್ನೆ ಚೆನ್ನಾಗಿದ್ದೆ, ಇವತ್ತೇನೋ ಎಡವಟ್ಟಾಗಿದೆ’ ಎಂಬ ಗಾಬರಿಯೂ ಸೇರಿಕೊಳ್ಳುತ್ತದೆ. ಎಡವಟ್ಟೇನೂ ಆಗಿರುವುದಿಲ್ಲ. ಎರಡನೆಯ, ಮೂರನೆಯ ದಿನ ಮೊದಲನೆಯದಕ್ಕಿಂತ ಕಷ್ಟ ಎಂದು ಮೊದಲೇ ಹೇಳಿಟ್ಟಿದ್ದರೆ ಈ ಗಾಬರಿಯ ಅರ್ಧವಾದರೂ ತಪ್ಪುತ್ತಿತ್ತು.

ಗಾಯವಾದಲ್ಲಿ ಏನು ನಡೆಯುತ್ತದೆ? ಹರಿದ ಕೋಶಗಳಿಂದಲೂ ಅಲ್ಲಿಗೆ ಧಾವಿಸಿದ ರಕ್ಷಣಾ ಕೋಶಗಳಿಂದಲೂ ಪ್ರೋಸ್ಟಗ್ಲಾಂಡಿನ್, ಬ್ರಾಡಿಕೈನಿನ್ ಮೊದಲಾದ ರಾಸಾಯನಿಕಗಳು ಸುರಿಯುತ್ತವೆ. ಇವು ನೋವಿನ ನರತುದಿಗಳ ಹೊಸ್ತಿಲನ್ನು ತಗ್ಗಿಸುತ್ತವೆ. ಮುಂಚೆ ಜೋರಾಗಿ ಒತ್ತಿದರಷ್ಟೇ ಎಚ್ಚೆತ್ತುಕೊಳ್ಳುತ್ತಿದ್ದ ನರ ಈಗ ಹೊದಿಕೆ ತಾಗಿದರೂ ಕೂಗುತ್ತದೆ. ಕೂಗು ಬೆನ್ನುಹುರಿಗೆ ಹೋಗುತ್ತದೆ, ಮತ್ತು ಅಲ್ಲಿ ಇನ್ನೊಂದು ಬದಲಾವಣೆ ಶುರುವಾಗುತ್ತದೆ. 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ ಇಲಿಗಳಲ್ಲಿ ಇದನ್ನು ತೋರಿಸಿದರು: ಗಾಯದಿಂದ ಸಂಕೇತಗಳು ಒಂದೇಸಮನೆ ಬರುತ್ತಿದ್ದರೆ ಬೆನ್ನುಹುರಿಯ ನರಕೋಶಗಳೇ ಸೂಕ್ಷ್ಮವಾಗಿಬಿಡುತ್ತವೆ, ಚಿಕ್ಕ ಸಂಕೇತಕ್ಕೂ ದೊಡ್ಡದಾಗಿ ಉತ್ತರಿಸುತ್ತವೆ, ಗಾಯವಾಗದ ಪಕ್ಕದ ಜಾಗಕ್ಕೂ ನೋವನ್ನು ಹರಡುತ್ತವೆ. ಮಂಡಿಯ ಶಸ್ತ್ರಚಿಕಿತ್ಸೆಯಾದವರು ಮೀನಖಂಡ, ತೊಡೆ, ಕೆಲವೊಮ್ಮೆ ಪಾದದ ತನಕ ನೋವು ಹೇಳುವುದಕ್ಕೆ ಇದೂ ಒಂದು ಕಾರಣ. ವರ್ಷಗಟ್ಟಲೆ ಸವೆದ ಮಂಡಿಯ ನೋವು ತಿಂದವರಲ್ಲಿ ಆ ವ್ಯವಸ್ಥೆ ಶಸ್ತ್ರಚಿಕಿತ್ಸೆಗೆ ಮೊದಲೇ ಸೂಕ್ಷ್ಮವಾಗಿರಬಹುದು. ಮೂಳೆ ಬದಲಾಯಿತು, ಬೆನ್ನುಹುರಿ ಹಳೆಯದೇ ಇದೆ.

ಹಾಗಾಗಿ ನೋವಿನ ಮಾತ್ರೆಯ ವಿಚಾರದಲ್ಲಿ ನಮ್ಮವರು ತೋರುವ ಶೌರ್ಯ ಇಲ್ಲಿ ಉಪಯೋಗಕ್ಕೆ ಬಾರದು. ‘ತಡೆಯಲಾಗದಿದ್ದರೆ ಮಾತ್ರ ತಗೋತೀನಿ’ ಎಂದು ಕಾದು ಕೂತರೆ ಸಂಕೇತಗಳು ಹರಿಯುತ್ತಲೇ ಇರುತ್ತವೆ, ಆಮೇಲೆ ನುಂಗಿದ ಮಾತ್ರೆ ಬೆಟ್ಟ ಹತ್ತಬೇಕಾಗುತ್ತದೆ. ಮೊದಲ ವಾರಗಳಲ್ಲಿ ಹೇಳಿದ ಹೊತ್ತಿಗೆ ತೆಗೆದುಕೊಳ್ಳುವುದು, ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮೊದಲು ಒಂದು ಬೀಳುವಂತೆ ನೋಡಿಕೊಳ್ಳುವುದು ಹೆಚ್ಚು ಬುದ್ಧಿವಂತಿಕೆ. ‘ನೋವಿನ ಮಾತ್ರೆ ಕಿಡ್ನಿಗೆ ಕೆಟ್ಟದ್ದು’ ಎಂಬ ಭಯಕ್ಕೆ ಆಧಾರವಿದೆ, ಆದರೆ ಎಲ್ಲ ಮಾತ್ರೆಗೂ ಅಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಳಗದ ಔಷಧಗಳು ಮಧುಮೇಹ, ಮೂತ್ರಪಿಂಡದ ತೊಂದರೆ ಇರುವ ಹಿರಿಯರಿಗೆ ಅಪಾಯ ತರಬಲ್ಲವು. ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಆ ಬಳಗದ್ದಲ್ಲ. ಟ್ರಾಮಡಾಲ್‌ನಂಥವು ತಲೆ ತಿರುಗಿಸುತ್ತವೆ, ಹೊಟ್ಟೆ ಕಟ್ಟಿಸುತ್ತವೆ. ಮಲಬದ್ಧತೆಯಿಂದ ಹೈರಾಣಾಗಿ ನೋವಿನ ಮಾತ್ರೆಯನ್ನೇ ಬಿಟ್ಟವರು ಎಷ್ಟೋ ಜನ. ವೈದ್ಯರ ಬಳಿ ಕೇಳಲು ನಾಚಿಕೊಳ್ಳುವ ಈ ವಿಷಯವನ್ನು ಮೊದಲ ದಿನವೇ ಕೇಳಬೇಕು.

ರಾತ್ರಿಯ ಕಥೆ ಬೇರೆ. ಎರಡನೆಯ ವಾರದಿಂದ ಎರಡನೆಯ ತಿಂಗಳವರೆಗೆ ರೋಗಿಗಳು ಹೆಚ್ಚಾಗಿ ದೂರುವುದು ನಿದ್ದೆಯನ್ನೇ. ಹಗಲಿನ ಓಡಾಟದಲ್ಲಿ ತುಂಬಿಕೊಂಡ ಊತ, ಅಲ್ಲಾಡಿಸದೆ ಮಲಗಿದ್ದರಿಂದ ಹಿಡಿದುಕೊಳ್ಳುವ ಕೀಲು, ಮಗ್ಗುಲಾಗಲು ಬಾರದ ಅವಸ್ಥೆ, ಮಧ್ಯರಾತ್ರಿಗೆ ಮುಗಿದುಹೋಗುವ ಮಾತ್ರೆಯ ಶಕ್ತಿ. ಜತೆಗೆ, ಹಗಲಿನಲ್ಲಿ ಮಿದುಳಿಗೆ ಬೇರೆ ಕೆಲಸಗಳಿರುತ್ತವೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮುಂದಿಟ್ಟ ಸಿದ್ಧಾಂತದ ಪ್ರಕಾರ ಬೆನ್ನುಹುರಿಯಲ್ಲೊಂದು ಬಾಗಿಲಿದೆ. ಸ್ಪರ್ಶ, ಒತ್ತಡದ ಸಂಕೇತಗಳೂ ಮೇಲಿನಿಂದ ಬರುವ ಮಿದುಳಿನ ಆಣತಿಗಳೂ ಅದನ್ನು ಅರ್ಧ ಮುಚ್ಚಬಲ್ಲವು. ಸಿದ್ಧಾಂತದ ವಿವರಗಳು ಆಮೇಲೆ ತಿದ್ದುಪಡಿಯಾಗಿವೆ, ಮೂಲ ಯೋಚನೆ ಉಳಿದಿದೆ. ಮಾತಿಲ್ಲದ, ಬೆಳಕಿಲ್ಲದ ಕೋಣೆಯಲ್ಲಿ ಬಾಗಿಲು ಮುಚ್ಚುವವರು ಯಾರೂ ಇರುವುದಿಲ್ಲ. ನಿದ್ದೆಗೆಟ್ಟವರಿಗೆ ಮಾರನೆಯ ದಿನ ಅದೇ ನೋವು ಹೆಚ್ಚಾಗಿ ಕಾಣುತ್ತದೆ, ಹೆಚ್ಚು ನೋವು ಮತ್ತೆ ನಿದ್ದೆ ಕೆಡಿಸುತ್ತದೆ. ಮಲಗುವ ಮುಂಚೆ ಬಟ್ಟೆ ಸುತ್ತಿದ ಐಸ್ ಪ್ಯಾಕು, ಕೊನೆಯ ಮಾತ್ರೆಯ ಸಮಯವನ್ನು ರಾತ್ರಿಗೆ ಹೊಂದಿಸುವುದು, ಎಚ್ಚರವಾದಾಗ ಮಲಗಿ ಒದ್ದಾಡದೆ ಎದ್ದು ನಾಲ್ಕು ಹೆಜ್ಜೆ ಹಾಕಿ ಬರುವುದು. ಇವೆಲ್ಲ ಚಿಕ್ಕ ಉಪಾಯಗಳು. ದೊಡ್ಡ ಉಪಾಯವೊಂದು ಇದ್ದಿದ್ದರೆ ಇಷ್ಟರಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು.

ನನ್ನ ಮಟ್ಟಿಗೆ ಈ ಇಡೀ ಪ್ರಸಂಗದ ಅತ್ಯಂತ ವಿಚಿತ್ರ ಭಾಗ ಸ್ನಾಯುವಿನದು. ಶಸ್ತ್ರಚಿಕಿತ್ಸೆಯ ಮರುದಿನ ಫಿಸಿಯೋಥೆರಪಿಸ್ಟ್ ಬಂದು ‘ಕಾಲು ನೇರ ಇಟ್ಟುಕೊಂಡು ಹಾಸಿಗೆಯಿಂದ ಒಂದು ಗೇಣು ಎತ್ತಿ’ ಎನ್ನುತ್ತಾರೆ. ರೋಗಿ ಎತ್ತಲು ಹೊರಡುತ್ತಾರೆ. ಏನೂ ಆಗುವುದಿಲ್ಲ. ನೋವಿನಿಂದ ಬಿಟ್ಟುಬಿಟ್ಟದ್ದಲ್ಲ, ಕಾಲು ಮಾತು ಕೇಳುವುದೇ ಇಲ್ಲ. ‘ನನ್ನ ಕಾಲೇ ಅಲ್ಲ ಅನ್ನಿಸಿತು’ ಎಂದು ಅನುಭವಿಸಿದವರು ಹೇಳುತ್ತಾರೆ. ಲಕ್ವ ಹೊಡೆಯಿತೇ ಎಂದು ಹೆದರಿದವರೂ ಇದ್ದಾರೆ. ಮೊದಲ ದಿನ ನರ ಮರಗಟ್ಟಿಸಿದ ಮದ್ದಿನ ಪಾಲೂ ಇರಬಹುದು, ಆದರೆ ಮದ್ದು ಇಳಿದ ಮೇಲೂ ವಾರಗಟ್ಟಲೆ ಈ ಅಸಹಕಾರ ಉಳಿಯುತ್ತದೆ.

ತೊಡೆಯ ಮುಂದಿರುವ ನಾಲ್ಕು ತಲೆಗಳ ಸ್ನಾಯು ಮಂಡಿಯನ್ನು ನೇರಮಾಡುವ ಯಜಮಾನ. ಕುರ್ಚಿಯಿಂದ ಏಳುವಾಗ ಎತ್ತುವುದು, ಮೆಟ್ಟಿಲಿಳಿಯುವಾಗ ಮೈಭಾರವನ್ನು ತಡೆದು ತಡೆದು ಕೆಳಗಿಳಿಸುವುದು ಅದೇ. ಕೀಲಿನೊಳಗೆ ನೀರು ತುಂಬಿದರೆ ಚೀಲ ಹಿಗ್ಗುತ್ತದೆ, ಹಿಗ್ಗಿದ್ದನ್ನು ಗುರುತಿಸುವ ನರಗಳು ಬೆನ್ನುಹುರಿಗೆ ವರದಿ ಕಳಿಸುತ್ತವೆ, ಬೆನ್ನುಹುರಿ ಈ ಸ್ನಾಯುವಿಗೆ ಹೋಗುವ ಆಜ್ಞೆಗಳನ್ನು ಹತ್ತಿಕ್ಕುತ್ತದೆ. ಗಾಯಗೊಂಡ ಕೀಲನ್ನು ಅದರ ಒಡೆಯನಿಂದಲೇ ಕಾಪಾಡುವ ಪ್ರತಿವರ್ತನೆ ಇದು. ಮಿದುಳು ಎಷ್ಟು ಕೂಗಿದರೂ ನಡುದಾರಿಯಲ್ಲಿ ತಡೆ. ಇದನ್ನು ಪರೀಕ್ಷಿಸಲು ಸಂಶೋಧಕರು ಆರೋಗ್ಯವಂತರ ಮಂಡಿಗೇ ಉಪ್ಪುನೀರು ಚುಚ್ಚಿ ನೋಡಿದ್ದಾರೆ. 1984ರಲ್ಲಿ ಪ್ರಕಟವಾದ ಅಂಥ ಒಂದು ಅಧ್ಯಯನದಲ್ಲಿ ಕೇವಲ 20–30 ಮಿಲಿಲೀಟರ್ ದ್ರವ, ಅಂದರೆ ನಾಲ್ಕರಿಂದ ಆರು ಟೀ ಚಮಚದಷ್ಟು, ಸ್ನಾಯುವಿನ ಒಳಬದಿಯ ಭಾಗವನ್ನು ಮಂಕಾಗಿಸಿತು. ಉಳಿದ ಭಾಗಗಳಿಗೆ ಅದರ ಎರಡರಷ್ಟು ಸಾಕಾಯಿತು. ನೋವೇ ಇಲ್ಲದವರಲ್ಲಿ ಹೀಗಾದರೆ, ಶಸ್ತ್ರಚಿಕಿತ್ಸೆಯಾಗಿ ಕುಂಬಳಕಾಯಿಯಂತೆ ಊದಿದ ಮಂಡಿಯ ಪಾಡೇನು?

ಪಾಡನ್ನು ಅಳೆದಿದ್ದಾರೆ. ಅಮೆರಿಕದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಾದ ಒಂದು ತಿಂಗಳಿಗೆ ಈ ಸ್ನಾಯುವಿನ ಬಲ ಮುಂಚಿದ್ದುದಕ್ಕಿಂತ ಸುಮಾರು ಶೇ 60ರಷ್ಟು ಕುಸಿದಿತ್ತು. ಸ್ನಾಯುವಿನ ಗಾತ್ರ ಕುಗ್ಗಿದ್ದು ಶೇ 10ರಷ್ಟು ಮಾತ್ರ. ಮಾಂಸ ಅಲ್ಲೇ ಇದೆ, ಆಜ್ಞೆ ತಲುಪುತ್ತಿಲ್ಲ. ಈ ಒಂದು ಸಂಗತಿ ಗೊತ್ತಿದ್ದರೆ ‘ಅಮ್ಮ ಮನಸ್ಸು ಮಾಡ್ತಿಲ್ಲ’, ‘ಸೋಮಾರಿತನ’ ಎಂಬ ಮಾತುಗಳು ಎಷ್ಟೋ ಮನೆಗಳಲ್ಲಿ ಬರುತ್ತಿರಲಿಲ್ಲ. ಕಾಲು ಸೋತು ಕುಸಿದಂತಾಗುವುದು, ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಹೆದರಿಕೆ ಹುಟ್ಟಿಸುವುದು, ಹತ್ತು ನಿಮಿಷ ನಿಂತರೆ ತೊಡೆ ನಡುಗುವುದು ಎಲ್ಲಕ್ಕೂ ಮೂಲ ಇಲ್ಲಿದೆ.

ಊತವನ್ನು ತಗ್ಗಿಸುವುದು ಬರೀ ಹಿತಕ್ಕಲ್ಲ ಎಂದು ಇದರಿಂದ ತಿಳಿಯುತ್ತದೆ. ಕಾಲನ್ನು ಎದೆಮಟ್ಟಕ್ಕಿಂತ ಮೇಲಿಟ್ಟು ಮಲಗುವುದು, ಐಸ್, ಪಾದವನ್ನು ಮೇಲೆ-ಕೆಳಗೆ ಆಡಿಸಿ ಮೀನಖಂಡದಿಂದ ರಕ್ತ ಒತ್ತುವುದು, ಇವು ಸ್ನಾಯುವಿಗೆ ಹೋಗುವ ದಾರಿಯನ್ನೂ ತೆರವುಮಾಡುತ್ತವೆ. ತೊಡೆಯನ್ನು ಬಿಗಿ ಹಿಡಿದು ಬಿಡುವ, ನೋಡಲು ಏನೂ ಅಲ್ಲವೆನಿಸುವ ವ್ಯಾಯಾಮವನ್ನು ದಿನಕ್ಕೆ ಹಲವು ಬಾರಿ ಮಾಡಿಸುವುದು ಆಜ್ಞೆಯ ತಂತಿಯನ್ನು ಜೀವಂತವಾಗಿಡಲು. ಮೊದಲ ವಾರಗಳಲ್ಲಿ ಚರ್ಮದ ಮೇಲಿಂದ ವಿದ್ಯುತ್ ಕೊಟ್ಟು ಸ್ನಾಯುವನ್ನು ಸಂಕುಚಿಸುವಂತೆ ಮಾಡಿದರೆ ಬಲ ಬೇಗ ಮರಳುತ್ತದೆಂದು 2012ರ ಒಂದು ಪ್ರಯೋಗ ತೋರಿಸಿತು. ಬೆನ್ನುಹುರಿಯ ತಡೆಯನ್ನು ತಪ್ಪಿಸಿ ಹಿಂಬಾಗಿಲಿಂದ ಹೋಗುವ ಉಪಾಯ ಅದು. ಇನ್ನೊಂದು ಕಡೆ, ‘ನೋವಾದಷ್ಟೂ ಒಳ್ಳೆಯದು’ ಎಂದು ದಿನವಿಡೀ ದುಡಿಸಿದರೆ ಮಂಡಿ ಮತ್ತೆ ಊದಿ ಸ್ನಾಯು ಮತ್ತೆ ಮಂಕಾಗುತ್ತದೆ. ಇದಕ್ಕೊಂದು ಒಳ್ಳೆಯ ಅಳತೆಗೋಲಿದೆ: ಸಂಜೆ ಹೆಚ್ಚಿದ ಊತ, ನೋವು ಮರುದಿನ ಬೆಳಿಗ್ಗೆಗೆ ಹಿಂದಿನ ಮಟ್ಟಕ್ಕೆ ಇಳಿದಿದ್ದರೆ ಮಾಡಿದ್ದು ಸರಿ. ಇಳಿಯದಿದ್ದರೆ ಅಂದು ಸ್ವಲ್ಪ ಕಡಿಮೆ.

ಇನ್ನು ಮಡಚುವ ವಿಚಾರ. ‘ಫಿಸಿಯೋ ಬಂದರೆ ಯಮ ಬಂದ ಹಾಗೆ’ ಎಂದು ರೋಗಿಗಳು ನಗುವುದು ಇದಕ್ಕೇ. ಗಾಯ ಮಾಯುವಾಗ ದೇಹ ಕೊಲಾಜನ್ ಎಂಬ ನಾರುಗಳನ್ನು ಹೊಲಿಗೆಯ ಸುತ್ತ ಅಡ್ಡಾದಿಡ್ಡಿ ಹಾಕುತ್ತ ಹೋಗುತ್ತದೆ. ದಿನವೂ ಎಳೆತ ಸಿಕ್ಕರೆ ನಾರುಗಳು ಎಳೆತದ ದಿಕ್ಕಿಗೆ ಸಾಲಾಗುತ್ತವೆ, ಸಿಗದಿದ್ದರೆ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಮೊದಲ ಆರರಿಂದ ಹನ್ನೆರಡು ವಾರಗಳಲ್ಲಿ ಈ ಹೆಣಿಗೆ ಇನ್ನೂ ಹಸಿ. ಆಮೇಲೂ ಒಂದು ವರ್ಷ, ಅದಕ್ಕೂ ಮೀರಿ ಬದಲಾಗುತ್ತಿರುತ್ತದೆ, ಆದರೆ ಮಾತು ಕೇಳುವುದು ಕಡಿಮೆ. ಸಮತಟ್ಟು ನೆಲದಲ್ಲಿ ನಡೆಯಲು ಮಂಡಿ ಸುಮಾರು 67 ಡಿಗ್ರಿ ಮಡಚಬೇಕು, ಮೆಟ್ಟಿಲು ಹತ್ತಲು 83, ಕುರ್ಚಿಯಲ್ಲಿ ಕೂರಲು 93, ಬಗ್ಗಿ ಷೂ ಲೇಸು ಕಟ್ಟಲು 106. ಇವು 1970ರ ದಶಕದಲ್ಲಿ ಪಶ್ಚಿಮದ ಪ್ರಯೋಗಾಲಯದಲ್ಲಿ ಅಳೆದದ್ದು. ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಕೂರುವುದು, ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆಯುವುದು, ನಮಾಜಿಗೆ ಮಂಡಿಯೂರುವುದು ಆ ಪಟ್ಟಿಯಲ್ಲಿಲ್ಲ. ಇವಕ್ಕೆ ಬೇಕಾದದ್ದು 110ರಿಂದ 160 ಡಿಗ್ರಿಯ ಆಸುಪಾಸು. ಬದಲಿಸಿದ ಮಂಡಿ ಸಾಮಾನ್ಯವಾಗಿ 110–120ಕ್ಕೆ ನಿಲ್ಲುತ್ತದೆ. ಎಷ್ಟು ಮಡಚುತ್ತದೆಂದು ಮುನ್ಸೂಚನೆ ಕೊಡುವ ಮುಖ್ಯ ಅಂಶ ಶಸ್ತ್ರಚಿಕಿತ್ಸೆಗೆ ಮುಂಚೆ ಎಷ್ಟು ಮಡಚುತ್ತಿತ್ತು ಎಂಬುದೇ. ಹತ್ತು ವರ್ಷ ಬಿಗಿದ ಮಂಡಿಯನ್ನು ಹೊತ್ತು ಬಂದವರು ಪಕ್ಕದ ಹಾಸಿಗೆಯವರ ಡಿಗ್ರಿ ಕೇಳಿ ಕೊರಗುವುದು ಅನ್ಯಾಯದ ಲೆಕ್ಕ.

ಎಲ್ಲರೂ ಮಡಚುವುದರ ಹಿಂದೆ ಬಿದ್ದಿರುವಾಗ ನೇರಮಾಡುವುದು ಮರೆತುಹೋಗುತ್ತದೆ. ಮಂಡಿಯ ಕೆಳಗೆ ದಿಂಬಿಟ್ಟುಕೊಂಡರೆ ಹಾಯೆನಿಸುತ್ತದೆ, ಕಳಕಳಿಯಿಂದ ಮನೆಯವರೇ ತಂದಿಡುತ್ತಾರೆ. ಗಂಟೆಗಟ್ಟಲೆ ಹಾಗೇ ಮಲಗಿದರೆ ಕಾಲು ಕೊಂಚ ಬಾಗಿದಲ್ಲೇ ಬಿಗಿದುಕೊಳ್ಳುತ್ತದೆ. ಬಾಗಿದ ಮಂಡಿಯಲ್ಲಿ ನಿಲ್ಲಲು ತೊಡೆಯ ಸ್ನಾಯು ಸದಾ ದುಡಿಯುತ್ತಿರಬೇಕು, ಅದಕ್ಕೋ ಮೊದಲೇ ಶಕ್ತಿಯಿಲ್ಲ. ದಿಂಬಿನ ಜಾಗ ಹಿಮ್ಮಡಿಯ ಕೆಳಗೆ. ಕಾಲನ್ನು ಯಂತ್ರದಲ್ಲಿಟ್ಟು ತಾನಾಗಿ ಮಡಚಿಸಿ ಬಿಡಿಸುವ ಪದ್ಧತಿ ಒಂದು ಕಾಲದಲ್ಲಿ ಎಲ್ಲೆಡೆ ಇತ್ತು. ಪ್ರಯೋಗಗಳನ್ನೆಲ್ಲ ಒಟ್ಟುಸೇರಿಸಿ ನೋಡಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಎರಡು ತಿಂಗಳಾದರೂ 90 ಡಿಗ್ರಿ ದಾಟದಿದ್ದರೆ ಅರಿವಳಿಕೆ ಕೊಟ್ಟು ಕಾಲನ್ನು ಮಡಚಿಸಿ ಅಂಟುಗಳನ್ನು ಬಿಡಿಸುವುದುಂಟು. ಅದು ಬೇಗ ಆದಷ್ಟೂ ಫಲಕಾರಿ, ಹಾಗಾಗಿ ‘ತಾನೇ ಸರಿಹೋಗುತ್ತದೆ’ ಎಂದು ಆರು ತಿಂಗಳು ಕಾಯುವ ವಿಚಾರವಲ್ಲ.

ಮನೆಗೆ ನೋಡಲು ಬರುವವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಸೇಬು, ಎಳನೀರಿನ ಜತೆ ಅವರು ತರುವುದು ಇನ್ನೊಬ್ಬರ ಕಥೆಯನ್ನು. ‘ನಮ್ಮ ಷಡ್ಡಕರ ಅತ್ತೆ ಹದಿನೈದೇ ದಿನಕ್ಕೆ ದೇವಸ್ಥಾನಕ್ಕೆ ಹೋಗಿಬಂದರು.’ ಹೋಗಿರಲೂಬಹುದು. ಸಂಜೆ ಮನೆಗೆ ಬಂದು ಎಷ್ಟು ಊದಿತೆಂದು ಯಾರೂ ಹೇಳುವುದಿಲ್ಲ. ಆರನೆಯ ವಾರದ ಹೊತ್ತಿಗೆ ಬರುವವರು ನಿಲ್ಲುತ್ತಾರೆ, ರಜೆ ಹಾಕಿದ ಮಗ ಕೆಲಸಕ್ಕೆ ಮರಳುತ್ತಾನೆ, ಬೆಂಗಳೂರಿನಿಂದ ಬಂದ ಮಗಳು ಹೊರಡುತ್ತಾಳೆ, ನೋವು ಮಾತ್ರ ಉಳಿದಿರುತ್ತದೆ. ‘ಯಾಕಾದರೂ ಮಾಡಿಸಿಕೊಂಡೆನೋ’ ಎಂಬ ಮಾತು ಹುಟ್ಟುವುದು ಈ ಹೊತ್ತಿನಲ್ಲಿ. ಕಾರಣವಿಲ್ಲದೆ ಅಳು ಬರುವುದು, ಊಟ ಸೇರದಿರುವುದು ಕೂಡ ಸಾಮಾನ್ಯ. ಅಡುಗೆಮನೆಯನ್ನು ನಲವತ್ತು ವರ್ಷ ಆಳಿದವರಿಗೆ ಹಾಸಿಗೆಯ ಮೇಲೆ ತಟ್ಟೆ ತರಿಸಿಕೊಳ್ಳುವುದು ಮಂಡಿಯಷ್ಟೇ ನೋಯಿಸುತ್ತದೆ. ನಮ್ಮಲ್ಲಿ ಈ ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಹೆಂಗಸರೇ ಹೆಚ್ಚು, ಮತ್ತು ‘ಎರಡು ಸಲ ಯಾಕೆ ನರಳುವುದು’ ಎಂದು ಎರಡೂ ಕಾಲು ಒಟ್ಟಿಗೆ ಮಾಡಿಸಿಕೊಳ್ಳುವವರೂ ಬಹಳ. ಆಗ ಊರಲು ಒಳ್ಳೆಯ ಕಾಲೆಂಬುದೇ ಉಳಿಯುವುದಿಲ್ಲ. ಯಾರಾದರೂ ಜತೆಗಿದ್ದು ನೋಡಿಕೊಳ್ಳಬೇಕಾದ ಅವಧಿಯೂ ಉದ್ದವಾಗುತ್ತದೆ. ಆ ನಿರ್ಧಾರದಲ್ಲಿ ಹೃದಯ, ಶ್ವಾಸಕೋಶದ ಪರೀಕ್ಷೆಯಷ್ಟೇ ಮನೆಯ ಪರಿಸ್ಥಿತಿಯೂ ಲೆಕ್ಕಕ್ಕೆ ಬರಬೇಕು.

ದುಡ್ಡಿನ ಲೆಕ್ಕದಲ್ಲೂ ಇದೇ ಕುರುಡು. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರ ಕೃತಕ ಮಂಡಿಗಳಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು. ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಮಂಡಿ ಸರಾಸರಿ ಒಂದೂವರೆ ಲಕ್ಷ ರೂಪಾಯಿಯಿಂದ, ತೆರಿಗೆ ಬಿಟ್ಟು, 54,720ಕ್ಕೆ ಇಳಿಯಿತು. ಒಳ್ಳೆಯ ಕೆಲಸ. ಆದರೆ ಮನೆಗೆ ಬರುವ ಫಿಸಿಯೋಥೆರಪಿಸ್ಟರ ಎರಡು-ಮೂರು ತಿಂಗಳ ಖರ್ಚಿಗೆ ಮಿತಿಯೂ ಇಲ್ಲ, ಬಹಳ ವಿಮೆಗಳಲ್ಲಿ ಸರಿಯಾದ ಜಾಗವೂ ಇಲ್ಲ. ತಾಲ್ಲೂಕು ದಾಟಿದರೆ ಅವರು ಸಿಗುವುದೇ ಕಷ್ಟ. ಲೋಹಕ್ಕೆ ಕೊಟ್ಟಷ್ಟು ಗಮನವನ್ನು ಸ್ನಾಯುವಿಗೆ ಕೊಡದ ವ್ಯವಸ್ಥೆಯಲ್ಲಿ ಚೇತರಿಕೆ ರೋಗಿಯ ಖಾಸಗಿ ಅದೃಷ್ಟವಾಗಿಬಿಡುತ್ತದೆ.

ನಿಧಾನವೆಂಬುದೆಲ್ಲ ಸಹಜವೂ ಅಲ್ಲ. ಮಂಡಿ ತಿಂಗಳುಗಟ್ಟಲೆ ಬೆಚ್ಚಗಿರುವುದು ಸಹಜ, ಮೂರರಿಂದ ಆರು ತಿಂಗಳು ಸಂಜೆ ಊದುವುದೂ ಸಹಜ. ಗಾಯದ ಹೊರಬದಿಯಲ್ಲಿ ಅಂಗೈಯಗಲ ಜಾಗ ಜೋಮು ಹಿಡಿದಂತಿರುವುದು ಅಲ್ಲಿ ಅಡ್ಡಹಾಯುವ ಚರ್ಮದ ನರದ ಕವಲು ಕತ್ತರಿಸಿಹೋದದ್ದರಿಂದ; ವರ್ಷದಲ್ಲಿ ಕಿರಿದಾಗುತ್ತದೆ, ಪೂರ್ತಿ ಹೋಗದಿರಬಹುದು. ನಡೆಯುವಾಗ ಟಕ್ ಟಕ್ ಸದ್ದು ಲೋಹ ಪ್ಲಾಸ್ಟಿಕ್ಕನ್ನು ಮುಟ್ಟುವ ಸದ್ದು. ಆದರೆ ಗಾಯದಿಂದ ನೀರು ಅಥವಾ ಕೀವು ಒಸರುವುದು, ಜ್ವರದೊಂದಿಗೆ ಮಂಡಿ ಕೆಂಪಾಗುವುದು, ಇಳಿಯುತ್ತಿದ್ದ ನೋವು ಇದ್ದಕ್ಕಿದ್ದಂತೆ ತಿರುಗಿ ಏರುವುದು ಸೋಂಕಿನ ಸೂಚನೆ. ಮೀನಖಂಡ ಗಟ್ಟಿಯಾಗಿ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಜತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬೆಳಗಾಗುವವರೆಗೆ ಕಾಯಬಾರದು. ಸೋಂಕಿನ ಶಂಕೆಯಿದ್ದಾಗ ಮನೆಮದ್ದಿನಂತೆ ಉಳಿದ ಆ್ಯಂಟಿಬಯಾಟಿಕ್ ನುಂಗುವುದು ಅತಿ ಕೆಟ್ಟ ಉಪಾಯ. ರೋಗಾಣು ಸಾಯುವುದಿಲ್ಲ, ಅದನ್ನು ಗುರುತಿಸಬೇಕಾದ ಪರೀಕ್ಷೆ ಮಾತ್ರ ಸೋಲುತ್ತದೆ.

ಸೋಂಕಿಲ್ಲ, ಸಡಿಲವಾಗಿಲ್ಲ, ಎಕ್ಸ್‌ರೇ ಚೆನ್ನಾಗಿದೆ, ಒಂದು ವರ್ಷವಾದರೂ ನೋವು ಹೋಗಿಲ್ಲ. ಇಂಥವರು ಅಪರೂಪವೆಂದು ತಿಳಿಯಬೇಡಿ. ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಮಂಡಿ ಬದಲಿಸಿಕೊಂಡವರಲ್ಲಿ ಶೇ 10ರಿಂದ 34 ಜನರಿಗೆ ದೀರ್ಘಕಾಲ ಗಮನಾರ್ಹ ನೋವು ಉಳಿದಿತ್ತು. ಐದರಲ್ಲೊಬ್ಬರು ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಇದೇ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆಂದು 2019ರ ಇನ್ನೊಂದು ವಿಶ್ಲೇಷಣೆ ಹೇಳುತ್ತದೆ. ಎರಡೂ ನಿಜ. ಉಪಕರಣದ ಆಯುಷ್ಯ ಬೇರೆ, ಮನುಷ್ಯನ ನೋವು ಬೇರೆ.

ಈ ಐದರಲ್ಲೊಬ್ಬರಿಗೆ ಸಿಗುವ ಉತ್ತರ ಹೆಚ್ಚಾಗಿ ‘ಎಲ್ಲ ಸರಿಯಿದೆ, ನಿಮ್ಮ ಮನಸ್ಸಿನದು’ ಎಂಬುದು. ನೋವಿನ ಬಗ್ಗೆ ಅತಿಯಾಗಿ ಕೆಟ್ಟದ್ದನ್ನೇ ಊಹಿಸುವವರಿಗೆ ಆಮೇಲೂ ನೋವು ಹೆಚ್ಚೆಂದು ಅಧ್ಯಯನಗಳು ತೋರಿಸಿದ್ದು ಹೌದು. ಹಾಗಾದರೆ ಮನಸ್ಸನ್ನು ತರಬೇತುಗೊಳಿಸಿದರೆ ನೋವು ತಗ್ಗಬೇಕಲ್ಲ? ಅಮೆರಿಕದಲ್ಲಿ ಅಂಥವರನ್ನೇ ಆರಿಸಿ ನೋವು ನಿಭಾಯಿಸುವ ತರಬೇತಿ ಕೊಟ್ಟು ನೋಡಿದರು. 2019ರಲ್ಲಿ ಬಂದ ಫಲಿತಾಂಶ: ತರಬೇತಿ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸವಿರಲಿಲ್ಲ. ಮನಸ್ಸಿನ ಮೇಲೆ ಹಾಕಿ ಕೈತೊಳೆದುಕೊಳ್ಳುವಷ್ಟು ಸರಳ ವಿಷಯವಲ್ಲ ಇದು. ಸೊಂಟದ ಕೀಲಿನ ಅಥವಾ ಬೆನ್ನಿನ ನೋವು ಮಂಡಿಯಲ್ಲಿ ಕಾಣಿಸಿಕೊಂಡಿರಬಹುದು, ಚರ್ಮದ ನರದ ತುದಿ ಗಂಟುಕಟ್ಟಿರಬಹುದು, ಭಾಗಗಳು ಕೊಂಚ ತಿರುಚಿ ಕೂತಿರಬಹುದು, ಸೂಕ್ಷ್ಮಗೊಂಡ ನರವ್ಯವಸ್ಥೆ ಹಿಂದಿರುಗದೇ ಇರಬಹುದು. ಎಕ್ಸ್‌ರೇಯಲ್ಲಿ ಸವೆತ ಅಷ್ಟೇನೂ ಇಲ್ಲದಿದ್ದಾಗ ಅವಸರದಿಂದ ಮಾಡಿಸಿಕೊಂಡವರಲ್ಲಿ ಅಸಮಾಧಾನ ಹೆಚ್ಚೆಂಬುದೂ ಗೊತ್ತಾಗಿದೆ. ಬ್ರಿಟನ್ನಿನ ಎಂಟು ಆಸ್ಪತ್ರೆಗಳಲ್ಲಿ ಮೂರು ತಿಂಗಳಾದರೂ ನೋವು ಉಳಿದ 363 ಜನರನ್ನು ಅಧ್ಯಯನಕ್ಕೆ ತೆಗೆದುಕೊಂಡು, ಒಂದು ಗುಂಪಿಗೆ ತಜ್ಞರು ಒಂದು ಗಂಟೆ ಕೂತು ಕಾರಣ ಹುಡುಕಿ, ಬೇಕಾದ ಕಡೆಗೆ ಕಳುಹಿಸಿ, ವರ್ಷವಿಡೀ ಫೋನಿನಲ್ಲಿ ವಿಚಾರಿಸಿಕೊಂಡರು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆ ಗುಂಪಿನ ನೋವು ಉಳಿದವರಿಗಿಂತ ಕಡಿಮೆಯಿತ್ತು. ದೊಡ್ಡ ಪವಾಡವೇನಲ್ಲ, ಆದರೆ ದುಬಾರಿ ಯಂತ್ರವೂ ಬೇಕಾಗಿರಲಿಲ್ಲ. ಮೂರನೆಯ ತಿಂಗಳಿಗೆ ನೋವು ತೀವ್ರವಾಗಿದ್ದರೆ ಮತ್ತೊಮ್ಮೆ ಪೂರ್ತಿ ಪರೀಕ್ಷೆ ಕೇಳುವ ಹಕ್ಕು ರೋಗಿಗಿದೆ. ಮರು ಶಸ್ತ್ರಚಿಕಿತ್ಸೆಯ ಮಾತು ಬಂದರೆ ಮಾತ್ರ, ಕಾರಣ ಖಚಿತವಾಗದೆ ಒಪ್ಪಬಾರದು. ಕಾರಣ ಸಿಗದ ನೋವಿಗೆ ಮತ್ತೆ ಕೊಯ್ದರೆ ಫಲ ಸಿಗುವ ಸಂಭವ ಬಹಳ ಕಡಿಮೆ.

ಉಳಿದ ನಾಲ್ವರಿಗೆ ಸುಧಾರಣೆಯ ಬಹುಪಾಲು ಮೊದಲ ಮೂರು ತಿಂಗಳಲ್ಲಿ ಬರುತ್ತದೆ, ಇನ್ನಷ್ಟು ಆರರ ಹೊತ್ತಿಗೆ, ಆಮೇಲೆ ವರ್ಷದವರೆಗೂ ಚೂರುಚೂರಾಗಿ. ಅಷ್ಟರಲ್ಲಿ ಪ್ರಶ್ನೆಗಳು ಬದಲಾಗಿರುತ್ತವೆ. ನೆಲದ ಮೇಲೆ ಕೂರಬಹುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಮಂಡಿಯೂರುವುದರಿಂದ ಲೋಹಕ್ಕೆ ಧಕ್ಕೆಯಿಲ್ಲ, ಜೋಮು ಹಿಡಿದ ಚರ್ಮದ ಮೇಲೆ ಭಾರ ಬಿದ್ದಾಗ ವಿಚಿತ್ರವೆನಿಸುತ್ತದೆ ಅಷ್ಟೆ; ದಪ್ಪ ಮೆತ್ತೆಯ ಮೇಲೆ ಅಭ್ಯಾಸ ಮಾಡಿಕೊಂಡವರಿದ್ದಾರೆ. ಆಳವಾದ ಕುಕ್ಕರಗಾಲನ್ನು ಹೆಚ್ಚಿನ ವೈದ್ಯರು ಬೇಡವೆನ್ನುತ್ತಾರೆ. ಕೂರದಿದ್ದರೂ, ನೆಲದಿಂದ ಏಳುವುದನ್ನು ಮಾತ್ರ ಎಲ್ಲರೂ ಕಲಿಯಬೇಕು. ಬಚ್ಚಲುಮನೆಯಲ್ಲಿ ಜಾರಿ ಬಿದ್ದ ದಿನ ಅದು ಬೇಕಾಗುತ್ತದೆ. ಮೊದಲು ಪಕ್ಕಕ್ಕೆ ಹೊರಳಿ ಕೈಯೂರಿ ಎದ್ದು, ಮಂಡಿಗಾಲಲ್ಲಿ ಗಟ್ಟಿ ಕುರ್ಚಿಯವರೆಗೆ ತೆವಳಿ, ಎರಡೂ ಕೈಯನ್ನು ಕುರ್ಚಿಯ ಮೇಲಿಟ್ಟು, ಬಲವಿರುವ ಕಾಲನ್ನು ಮುಂದೆ ಊರಿ ಏಳುವುದು. ಫಿಸಿಯೋಥೆರಪಿಸ್ಟರ ಕೊನೆಯ ಭೇಟಿ ಮುಗಿಯುವ ಮೊದಲು ಇದನ್ನು ಅವರೆದುರು ಎರಡು ಸಲ ಮಾಡಿ ತೋರಿಸಿ.